ತುಳಜಾಬಾಯಿಯ ನೀಲಿ ಮೂಲೆ

ನಾನು ಸಿಲಿಂಡರ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಕಾರಖಾನೆಯಲ್ಲಿ ಈಗಲೂ ಇಬ್ಬರು ಮೂವರು ನನ್ನನ್ನು ಹಾಗೇ ಕರೆಯುತ್ತಾರೆ, ಕರೆದು ಓಡುತ್ತಾರೆ. ನನ್ನ ಹೆಸರು ಅಮೋಗಸಿದ್ಧ. ಊರು ಅಕ್ಕಲಕೋಟ ತಾಲೂಕಿನ ತಡವಳ. ನಮ್ಮ ಮನೆಯವರು ಕುಲದೇವರು ಬೀರೋಬಾನ ಭಂಡಾರದ ಅರಿಶಿನ ಹಣೆಗೆ ಹಚ್ಚಿಕೊಂಡು ಕುರಿ ಕಾಯ್ದವರು. ನಾನು ಎಂಟನೆಯ ಇಯತ್ತೆಯಲ್ಲಿ ಗಣಿತದ ಮಾಸ್ತರರ ಜೊತೆ ಜಗಳಾಡಿ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದೆ. ಕುರಿಗಳ ಜೊತೆ ಜಗಳಾಡಲು ಆಗುವುದಿಲ್ಲ. ಎಷ್ಟು ಬೈದರೂ ತಲೆ ತಗ್ಗಿಸಿಕೊಂಡು ಮೇಯುತ್ತಲೇ ಇರುತ್ತವೆ. ಅದಕ್ಕೇ ಅದನ್ನೂ ಬಿಟ್ಟು ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಬಡಾವಣೆಯ ಒಂದು ಟಾವೆಲ್ ಕಾರಖಾನೆಗೆ ಬಂದೆ. ಇಲ್ಲಿ ಜಗಳಕ್ಕೆ ಬರವಿಲ್ಲ.

ಆ ಬೇಸಿಗೆಯಲ್ಲಿ ಜಗಳ ಒಂದು ಫ್ಯಾನಿನದು.

ಮೇಜಿನ ಮೇಲೆ ಇಡುವ ಫ್ಯಾನಲ್ಲ. ಗೋಡೆ ಕೊರೆದು ಕೂಡಿಸುವ, ಒಳಗಿನ ಕಾವನ್ನೆಲ್ಲ ಎಳೆದು ಹೊರಗೆ ಉಗುಳುವ ಎಕ್ಸಾಸ್ಟ್ ಫ್ಯಾನು. ಎತ್ತಿನ ಬಂಡಿಯ ಗಾಲಿಯಷ್ಟು ದೊಡ್ಡದು. ಶಿವರಾತ್ರಿಯ ಹೊತ್ತಿಗೆ ಬಂದದ್ದು ಯುಗಾದಿ ಕಳೆದರೂ ಪ್ಲಾಸ್ಟಿಕ್ ಬಿಚ್ಚದೆ ಅಂಗಳದಲ್ಲಿ ನಿಂತಿತ್ತು. ಅದರ ನೆರಳಿನಲ್ಲಿ ಕಾರಖಾನೆಯ ನಾಯಿ ಮಲಗುತ್ತಿತ್ತು. ಆ ಫ್ಯಾನಿನಿಂದ ತಂಪು ಕಂಡ ಜೀವ ಅದೊಂದೇ.

ಫ್ಯಾನು ಒಂದು, ಕೇಳುವವರು ಎಲ್ಲರೂ. ಮಗ್ಗ ರಿಪೇರಿ ಮಾಡುವ ಗುರುಶಾಂತ ತನ್ನ ಮಗ್ಗಗಳ ಕಡೆ ಬೇಕೆಂದ. ಪ್ಯಾಕಿಂಗಿನವರು ತಮ್ಮ ಕಡೆ ಎಂದರು. ನಾನು ಕೇಳಿದ್ದು ನನಗಾಗಿ ಅಲ್ಲ, ನನ್ನ ಅತ್ತೆ ತುಳಜಾಬಾಯಿಗಾಗಿ. ಅತ್ತೆ ಎಂದರೆ ಅಪ್ಪನ ತಂಗಿ. ಟಾವೆಲ್ಲಿನ ಅಂಚು ಮಡಚಿ ಹೊಲಿಯುವ ಅವಳ ಮಷೀನು ಶೆಡ್ಡಿನ ಕಡೆಯ ಮೂಲೆಯಲ್ಲಿದೆ. ಮೇಲೆ ಪತ್ರಾದ, ಅಂದರೆ ತಗಡಿನ ಮಾಡು, ಬೆನ್ನಿಗೆ ಪತ್ರಾದ ಗೋಡೆ, ಎದುರಿಗೆ ಬಣ್ಣ ಹಾಕಿದ ಟಾವೆಲ್ ಒಣಗಿಸುವ ಡ್ರಾಯರ್. ಆ ಡ್ರಾಯರ್ ನಡೆಸುವವನು ನಾನೇ. ನಾನು ಗುಂಡಿ ಒತ್ತಿದರೆ ಅತ್ತೆ ಬೇಯುತ್ತಾಳೆ. ಇಂಥ ಕೆಲಸ ಮಾಡುವವನಿಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ಹಿಂದಿನ ಬೇಸಿಗೆಯಲ್ಲಿ ಅತ್ತೆ ಮಧ್ಯಾಹ್ನದ ಹೊತ್ತು ಟಾವೆಲ್ ರಾಶಿಯ ಮೇಲೆ ಒರಗಿದವಳು ಎಚ್ಚರ ತಪ್ಪಿದ್ದಳು. ಮುಖಕ್ಕೆ ನೀರು ಹೊಡೆದು ಎಬ್ಬಿಸಿದೆವು. ಎದ್ದವಳು ಸೆರಗು ಸರಿಮಾಡಿಕೊಂಡು, "ನಿದ್ದಿ ಬಂದಿತ್ತು, ಏನ್ ಅವಸರ ನಿಮಗ?" ಎಂದು ನಮಗೇ ಬೈದಳು. ಈ ಸಲ ಬಿಸಿಲು ಇನ್ನೂ ಜೋರಿತ್ತು. ಇನ್ನೊಮ್ಮೆ ಹಾಗೆ ನಿದ್ದೆ ಬಂದರೆ ಏಳುತ್ತಾಳೋ ಇಲ್ಲವೋ ಎಂದು ನನಗೆ ಹೆದರಿಕೆ. ಹೆದರಿಕೆ ನನಗೆ ಹೆದರಿಕೆಯ ರೂಪದಲ್ಲಿ ಬರುವುದಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಹೋಗಿ ಸಾವಕಾರ ಮಲಕಾಜಪ್ಪನವರ ಜೊತೆ ಜಗಳಾಡುತ್ತಿದ್ದೆ.

"ಸಾವಕಾರ್ರ, ಫ್ಯಾನ ಯಾವಾಗ ಹಚ್ಚತೀರಿ?"

"ಏ ಅಮೋಗ್ಯಾ, ನೀ ಮದಲ ಒಂದ ಗ್ಲಾಸ ನೀರ ಕುಡಿ. ಮಾರೀ ಕೆಂಪಾಗ್ಯದ."

"ನನ್ನ ಮಾರೀ ಇರೂದ ಹೀಂಗ. ಫ್ಯಾನ ನಾಯಿಗೇನ ತಂದೀರಿ?"

ಕೊನೆಗೆ ಒಂದು ದಿನ ಸಾವಕಾರರು ಎಲ್ಲರನ್ನೂ ಕರೆದು ಹೇಳಿದರು: "ಯಾರೂ ಬಡದಾಡಬ್ಯಾಡ್ರಿ. ಫ್ಯಾನ ಎಲ್ಲಿ ಹಚ್ಚಬೇಕು ಅಂತ ಕಂಪ್ಯೂಟರ್ ಹೇಳತದ. ಕಂಪ್ಯೂಟರಿಗೆ ತಮ್ಮ ಇಲ್ಲ, ತಂಗಿ ಇಲ್ಲ. ಅದು ಹೇಳಿದ್ದೇ ಕಡೀ ಮಾತು."

ಕಂಪ್ಯೂಟರಿಗೆ ಯಾರೂ ಇರಲಿಲ್ಲ, ಸರಿ. ಆದರೆ ಅದನ್ನು ತರುವವಳಿಗೆ ಸೋದರಮಾವ ಇದ್ದರು. ಅವಳು ಸಾವಕಾರರ ತಂಗಿಯ ಮಗಳು ಪ್ರಾಜಕ್ತಾ. ಪುಣೆಯಲ್ಲಿ ದೊಡ್ಡ ಇಂಜಿನಿಯರಿಂಗ್ ಓದುತ್ತಿದ್ದಳು. ಕಾವು ಎಲ್ಲಿಂದ ಹುಟ್ಟಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ಅವಳ ವಿದ್ಯೆಯಂತೆ. ಕಾವು ಎಲ್ಲಿದೆ ಎಂದು ತಿಳಿಯಲು ಪುಣೆಯಿಂದ ಬರಬೇಕೇ? ನನ್ನ ಅತ್ತೆಯ ಕುರ್ಚಿಯ ಮೇಲೆ ಅರ್ಧ ತಾಸು ಕೂತರೆ ಸಾಕು ಎಂದೆ. ಯಾರೂ ಕೇಳಲಿಲ್ಲ.

ಪ್ರಾಜಕ್ತಾ ಬಂದಳು. ಅಳತೆಯ ಟೇಪು ಹಿಡಿಯಲು ಸಾವಕಾರರು ನನ್ನನ್ನೇ ಕೊಟ್ಟರು; ಟೇಪು ಹಿಡಿದರೆ ಬಾಯಿ ಮುಚ್ಚುತ್ತಾನೆ ಎಂದುಕೊಂಡಿರಬೇಕು. ಗೋಡೆ, ಬಾಗಿಲು, ಡ್ರಾಯರ್, ಮಗ್ಗ ಎಲ್ಲ ಅಳೆದು ಅವಳು ಇಡೀ ಶೆಡ್ಡನ್ನು ಲ್ಯಾಪ್‌ಟಾಪಿನಲ್ಲಿ ಕಟ್ಟಿದಳು. ಆಮೇಲೆ ಅದನ್ನು ತಾಟಿನಲ್ಲಿಯ ಬರ್ಫಿಯ ಹಾಗೆ ಸಣ್ಣ ಸಣ್ಣ ತುಂಡು ಮಾಡಿದಳು. ನಾನು ಕೇಳಿರಲಿಲ್ಲ, ಆದರೂ ತಿಳಿಸಿ ಹೇಳಿದಳು.

"ಒಂದೊಂದ ತುಂಡೂ ತನ್ನ ಬಾಜೂದವರನ್ನ ಕೇಳತದ ನೋಡ್ರಿ, ನಿಮ್ಮ ಕಡಿ ಕಾವು ಎಷ್ಟದ ಅಂತ. ಕೇಳಿ ತನ್ನ ಲೆಕ್ಕ ತಿದ್ದಿಕೋತದ. ಇದು ತಿದ್ದಿದ ಮ್ಯಾಲ ಬಾಜೂದವರು ಮತ್ತ ತಮ್ಮದು ತಿದ್ದತಾರ. ಯಾರೂ ಮಾತ ಬದಲ ಮಾಡಲಾರದ ತನಕಾ ಹೀಂಗ ನಡೀತದ. ಎಲ್ಲಾರೂ ಒಪ್ಪಿದ್ರಂದ್ರ ಉತ್ತರ ಬಂತು."

"ಇದನ್ನ ನಮ್ಮೂರ ಬಾಂವಿ ಕಟ್ಟಿ ಮ್ಯಾಲ ಹೆಣ್ಣಮಕ್ಕಳು ದಿನಾ ಮಾಡತಾರ," ಎಂದೆ.

"ಹೌದಾ? ಕಡೀಕ ಒಪ್ಪತಾರೇನ?"

"ಎಲ್ಲಿ ಒಪ್ಪತಾರ? ಒಬ್ಬರ ಜಡಿ ಒಬ್ಬರು ಹಿಡಕೊಂಡು ಮನಿಗಿ ಬರತಾರ."

"ಹಾಂಗಾದ್ರ ನಿಮ್ಮೂರ ಲೆಕ್ಕ ಕೂಡಂಗಿಲ್ಲ ಬಿಡ್ರಿ," ಎಂದು ನಕ್ಕಳು. ನಗು ಚೆನ್ನಾಗಿತ್ತು. ಆದರೆ ಆಗಲೇ ನನ್ನ ಕಣ್ಣು ತೆರೆಯ ಮೇಲೆ ಬಿತ್ತು. ಡ್ರಾಯರಿನ ಬಾಜೂಕೆ ಒಂದು ಮೊಂಡ ಕಂಬ ನಿಂತಿತ್ತು.

"ಇದೇನಿದು? ಇಲ್ಲಿ ಕಂಬ ಇಲ್ಲಲ್ಲ."

"ಅದು ಕಂಬ ಅಲ್ರಿ, ನೀವು."

"ನಾನಾ?"

"ಹ್ಞೂಂ. ಮನಶ್ಯಾರಿಗೆ ನಾವು ಒಂದೊಂದು ಸಿಲಿಂಡರ್ ಇಡತೀವಿ."

"ಕೈ ಎಲ್ಲಿ?"

"ಕೈ ಬೇಕಾಗಂಗಿಲ್ರಿ."

"ತಲಿ?"

"ತಲೀನೂ ಬೇಕಾಗಂಗಿಲ್ಲ. ಲೆಕ್ಕದಾಗ ಮನಶ್ಯಾ ಅಂದ್ರ ನೂರು ವ್ಯಾಟಿನ ಕಾವು. ಹಳೇ ಬಲ್ಬಿನಷ್ಟು."

ಗುರುಶಾಂತ ಟೇಪಿನ ಸುರುಳಿ ಹಿಡಿದು ಹಿಂದೆಯೇ ನಿಂತಿದ್ದ. "ಅಕ್ಕಾರ, ಇವನಿಗಿ ನೂರು ಸಾಲಂಗಿಲ್ಲ. ಸಾವಿರ ಹಾಕ್ರಿ. ಮುಂಜಾನಿಂದ ಸಂಜೀತನಕ ಉರಕೋತನ ಇರತಾನ," ಎಂದ. ನನ್ನ ಕೈಯಲ್ಲಿಯ ಟೇಪು ಬಿಟ್ಟೆ. ಅದು ಸರ್ರನೆ ಸುತ್ತಿಕೊಂಡು ಹೋಗಿ ಅವನ ಬೆರಳಿಗೆ ಬಡಿಯಿತು. ಬೇಕೆಂದೇ ಬಿಟ್ಟೆ.

ಅತ್ತೆಯೂ ಬಂದು ಇಣುಕಿದಳು. "ನಾ ಎಲ್ಲದೀನಿ, ಯವ್ವಾ?"

ಪ್ರಾಜಕ್ತಾ ಮೂಲೆಯ ಕಂಬ ತೋರಿಸಿದಳು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿ, ತಟ್ಟನೆ ತನ್ನ ಸೆರಗು ಎಳೆದುಕೊಂಡಳು. "ಸೀರೀನ ಉಡಸಿಲ್ಲಲ್ಲ ನಮ್ಮವ್ವಾ! ಇಷ್ಟ ಮಂದಿ ಗಂಡಸರ ನಡಬರಕ ಹೀಂಗ ನಿಂದರಸತಾರೇನ?"

"ಸೀರಿ ಹಾಕಿದ್ರ ಲೆಕ್ಕ ಜಾಸ್ತಿ ಆಗತದರಿ, ಕಾಕೂ."

"ಎಷ್ಟರೆ ಆಗಲಿ. ಒಂದ ಹಸರಂದು ಉಡಸು."

ಆಮೇಲೆ ಪ್ರಾಜಕ್ತಾ ಹಲ್ಲುಪುಡಿ ಡಬ್ಬಿಯಷ್ಟು ದೊಡ್ಡ ಬಿಳಿಯ ಡಬ್ಬಿಗಳನ್ನು ಶೆಡ್ಡಿನ ತುಂಬ ನೇತು ಹಾಕಿದಳು. ಒಂದು ಮಗ್ಗಗಳ ನಡುವೆ, ಒಂದು ಬಾಗಿಲಲ್ಲಿ, ಒಂದು ಸಾವಕಾರರ ಖೋಲಿಯ ಹೊರಗೋಡೆಯ ಮೇಲೆ, ಒಂದು ಅತ್ತೆಯ ಮೂಲೆಯಲ್ಲಿ ಮಾಡಿಗೆ ಕೊಟ್ಟ ನಿಜವಾದ ಕಂಬಕ್ಕೆ. ಅವು ತಮ್ಮ ತಮ್ಮ ಜಾಗದ ಕಾವನ್ನು ನೋಡಿ ನೋಡಿ ಇಂಟರ್ನೆಟ್ಟಿನ ಮೇಲೆ ಪುಣೆಗೆ ಸುದ್ದಿ ಕಳಿಸುತ್ತವಂತೆ. ಆ ಸುದ್ದಿಗೆ ತಾಳೆಯಾಗುವ ಹಾಗೆ ಅವಳು ಅಲ್ಲಿ ಕೂತು ಲೆಕ್ಕ ತಿದ್ದುತ್ತಾಳೆ. ಇಷ್ಟು ಮಾಡಿ ಅವಳು ಸಂಜೆಯ ಗಾಡಿಗೆ ಹೋದಳು.

ಆ ಡಬ್ಬಿಗಳ ಮುಖ ನೋಡುವುದಿಲ್ಲ ಎಂದು ನಾನು ಬೀರೋಬಾನ ಆಣೆ ಮಾಡಿದೆ. ನನ್ನನ್ನು ತಲೆಯಿಲ್ಲದ ಕಂಬ ಮಾಡಿದವರ ಡಬ್ಬಿಯನ್ನು ನಾನು ಯಾಕೆ ನೋಡಲಿ? ಆಣೆಯನ್ನು ಪೂರ್ತಿ ನಡೆಸಿದೆ. ಅತ್ತೆಯ ಮೂಲೆಗೆ ರೊಟ್ಟಿ ತಿನ್ನಲು ಹೋದಾಗಲೂ ಕಂಬದ ಕಡೆ ಬೆನ್ನು ಮಾಡಿ ಕೂಡುತ್ತಿದ್ದೆ.

ಮುಂದಿನ ವಾರ ಪ್ರಾಜಕ್ತಾ ಉತ್ತರದೊಂದಿಗೆ ಬಂದಳು. ಅವಳ ಮುಖ ಸರಿಯಿರಲಿಲ್ಲ. ಸಾವಕಾರರು ಮಾತ್ರ ಮದುವೆಯ ಬೀಗರ ಹಾಗೆ ಓಡಾಡುತ್ತಿದ್ದರು. ತೆರೆಯ ಮೇಲಿನ ಬಣ್ಣದ ಚಿತ್ರವನ್ನು ಆಗಲೇ ಕಾಗದಕ್ಕೆ ಇಳಿಸಿ ಗೋಡೆಗೆ ಅಂಟಿಸಿದ್ದರು. "ಬರ್ರಿ, ಬರ್ರಿ. ನಮ್ಮ ಕಾರಖಾನಿದು ಎಕ್ಸ್‌ರೇ ಅದ ಇದು. ಕೆಂಪ ಅಂದ್ರ ಕಾವು, ನೀಲಿ ಅಂದ್ರ ತಂಪು."

ನೋಡಿದೆವು. ಮಗ್ಗಗಳ ಕಡೆ ಹಳದಿ. ಡ್ರಾಯರ್ ಕಿತ್ತಳೆ. ಸಾವಕಾರರ ಖೋಲಿಯ ಹೊರಗೆ, ಸಿದ್ಧರಾಮೇಶ್ವರನ ಫೋಟೋ ಇಟ್ಟ ದೇವರ ಗೂಡಿನ ಹತ್ತಿರ, ಹಣ್ಣಾದ ಮೆಣಸಿನಕಾಯಿಯಂಥ ಕೆಂಪು. ಅತ್ತೆಯ ಮೂಲೆ ನೀಲಿ. ತಿಳಿ ನೀಲಿಯೂ ಅಲ್ಲ, ಹೊಸ ಕಾಗದದ ಮೇಲೆ ಶಾಯಿ ಚೆಲ್ಲಿದ ಹಾಗೆ ಕಡು ನೀಲಿ.

"ನೋಡಿದ್ರ್ಯಾ?" ಎಂದರು ಸಾವಕಾರರು. "ನಾ ಎಷ್ಟ ವರ್ಷದಿಂದ ಹೇಳಾಕತ್ತೀನಿ, ನನ್ನ ಖೋಲಿ ಕಡೀನ ಎಲ್ಲಾರಕಿಂತ ಸೆಕಿ ಅದ ಅಂತ. ಯಾರರೆ ನಂಬಿದ್ರ್ಯಾ?"

ನನ್ನ ದನಿ ಮಗ್ಗದ ಸದ್ದೂ ಕೇಳದಷ್ಟು ಜೋರಾಗಿ ಹೊರಟಿತು. "ನೀಲಿ? ಆ ಮೂಲಿ ನೀಲಿ? ಅಲ್ಲೇನ ಐಸ್‌ಕ್ರೀಮ ಇಟ್ಟೀರಿ? ಡ್ರಾಯರಿನ ಬಾಯಾಗ ಕುಂತ ಹೆಣ್ಣಮಗಳು ಅಕಿ! ಇದು ಲೆಕ್ಕ ಅಲ್ಲ, ಮಾವನ ಮನಿ ಲೆಕ್ಕ ಇದು!"

"ಅಮೋಗ್ಯಾ, ಬಾಯಿ ಹಿಡಿ. ಕಂಪ್ಯೂಟರ್ ಸುಳ್ಳ ಹೇಳತದೇನ?"

"ಮಾಮಾ, ಥಾಂಬಾ, ತಡೀರಿ," ಎಂದಳು ಪ್ರಾಜಕ್ತಾ. "ಅವರು ಹೇಳೂದು ಖರೇ ಅದ. ಡ್ರಾಯರಿನ ಬಾಜೂಕ ಇಷ್ಟ ತಂಪು ಇರಾಕ ಸಾಧ್ಯಾನ ಇಲ್ಲ. ನನ್ನ ಲೆಕ್ಕ ಒಂದು ಹೇಳತದ, ಡಬ್ಬಿ ಮತ್ತೊಂದು ಹೇಳತದ. ಡಬ್ಬಿ ಕೆಟ್ಟಾವೇನೋ. ನಾ ಒಮ್ಮೆ ನೋಡಿ ಬರತೀನಿ. ಆಮ್ಯಾಲ..."

"ಆಮ್ಯಾಲ ಏನ ಆಮ್ಯಾಲ? ಇವತ್ತ ದಿನಾ ಚೊಲೋ ಅದ. ನಾಳಿಗಿ ಅಮಾಸಿ. ಗುರುಶಾಂತಾ, ಕಟರ್ ತೊಗೊಂಬಾ!"

ಪತ್ರಾದ ಗೋಡೆ, ಕೊರೆಯುವುದು ಎಷ್ಟು ಹೊತ್ತು? ಗುರುಶಾಂತ ಕಿಡಿ ಹಾರಿಸುತ್ತ ದೇವರ ಗೂಡಿನ ಪಕ್ಕದಲ್ಲೇ ದುಂಡಗೆ ಕೊರೆದ. ನಾಯಿಯನ್ನು ಎಬ್ಬಿಸಿ ಫ್ಯಾನನ್ನು ತಂದು ಕೂಡಿಸಿದರು. ನಾನು ಸಹಾಯ ಮಾಡಲಿಲ್ಲ. ಎದೆಯ ಮೇಲೆ ಕೈ ಕಟ್ಟಿಕೊಂಡು ನಿಂತು, ಎಲ್ಲರಿಗೂ ಕೇಳುವ ಹಾಗೆ ಉಸಿರು ಬಿಡುತ್ತಿದ್ದೆ. ಸಾವಕಾರರ ತಾಯಿ ಕಸ್ತೂರಬಾಯಿಯೂ ಬಂದರು. ಅವರನ್ನು ನಾವೆಲ್ಲ ಆಯಿ ಎನ್ನುತ್ತೇವೆ. ದಿನಾ ಮನೆಯಿಂದ ಬಂದು ಆ ಗೂಡಿನಲ್ಲಿ ದೀಪ ಹಚ್ಚಿಯೇ ಹೋಗುವವರು. ಅವರು ದೀಪ ಹಚ್ಚಿ, ಊದಿನಕಡ್ಡಿ ಸಿಗಿಸಿ, ಕುಂಕುಮ ವಿಭೂತಿಯ ಬಟ್ಟಲು ತುಂಬಿದರು. ಸಾವಕಾರರು ತೆಂಗಿನಕಾಯಿ ಒಡೆದು ಬಟನ್ ಒತ್ತಿದರು.

ಫ್ಯಾನು ಒಳ್ಳೆಯದೇ ಇತ್ತು. ಅದನ್ನು ಒಪ್ಪಲೇಬೇಕು.

ಮೊದಲು ದೀಪ ಹೋಯಿತು. ಆಮೇಲೆ ಊದಿನಕಡ್ಡಿಯ ಹೊಗೆ ಒಂದೇ ಗೆರೆಯಾಗಿ ಫ್ಯಾನಿನೊಳಗೆ ಹೋಯಿತು. ಹೊಗೆಯ ಹಿಂದೆ ಹೂವು, ಹೂವಿನ ಹಿಂದೆ ವಿಭೂತಿ, ವಿಭೂತಿಯ ಹಿಂದೆ ಬಟ್ಟಲಿನಲ್ಲಿದ್ದ ಕುಂಕುಮವೆಲ್ಲ ಎದ್ದು ಹೊರಗೆ ಹೋಯಿತು. ಆಯಿ ಫೋಟೋವನ್ನು ಎರಡೂ ಕೈಯಿಂದ ತಬ್ಬಿ ಹಿಡಿದರು. ಅವರ ಸೆರಗು ಹಾರಿ ಫ್ಯಾನಿನ ಕಡೆ ಹೊರಟಿತು. ಸಾವಕಾರರು ಸೆರಗನ್ನು ಹಿಡಿದರು. ಗೋಡೆಯ ಆಚೆ ಸಾವಕಾರರ ಬಿಳಿಯ ಕಾರು ನಿಂತಿತ್ತು, ಬೆಳಿಗ್ಗೆಯೇ ತೊಳೆದದ್ದು. ಗುರುಶಾಂತ ಹೊರಗೆ ಇಣುಕಿ ಬಂದು, "ಸಾವಕಾರ್ರ, ಗಾಡಿ ಪೂಜಿ ಬರೋಬ್ಬರ ಆಗೇದ್ರಿ. ಟಯರಿಗಿ ಲಿಂಬಿಹಣ್ಣ ಅಷ್ಟ ಇಡೂದ ಉಳದದ," ಎಂದ.

"ಬಂದ್ ಮಾಡಲೇ ಮದಲ!" ಎಂದು ಆಯಿ ಚೀರಿದರು. ಬಂದ್ ಮಾಡಿದರು. ಆಯಿ ಫೋಟೋ ಬಿಡದೆ ಮಗನ ಕಡೆ ತಿರುಗಿದರು. "ದೇವರಿಗೆ ಸೆಕಿ ಆಗೇದಂತ ನಿನಗ ಯಾರ ಹೇಳ್ಯಾರೋ?"

"ಕಂಪ್ಯೂಟರ್ ಹೇಳೇದವ್ವಾ. ಇಲ್ಲಿ ಬಾಳ ಕಾವು..."

"ಆಯೀ," ಎಂದಳು ಪ್ರಾಜಕ್ತಾ. ಅವಳು ಗೂಡಿನೊಳಗೆ ಬಗ್ಗಿ ನೋಡುತ್ತಿದ್ದಳು. "ಈ ಡಬ್ಬಿ ನಾ ಗ್ವಾಡಿಗೆ ತೂಗ ಹಾಕಿದ್ದೆ. ದೀಪದ ಮ್ಯಾಲ ಹ್ಯಾಂಗ ಬಂತು?"

ಬಿಳಿಯ ಡಬ್ಬಿ ದೇವರ ಗೂಡಿನಲ್ಲಿ, ದೀಪದ ನೇರ ಮೇಲೆ, ಮೊಳೆಗೆ ನೇತಾಡುತ್ತಿತ್ತು. ಹಣೆಗೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಹೊಟ್ಟೆ ಹೊಗೆ ಹಿಡಿದು ಕಪ್ಪಾಗಿತ್ತು.

"ನಾನ ಇಟ್ಟೀನಿ," ಎಂದರು ಆಯಿ. "ಹೊಸಾ ಸಾಮಾನ ಬಂದ್ರ ಮದಲ ದೇವರ ಮುಂದ ಇಡತಾರ. ಹಾಂಗ ಗ್ವಾಡಿಗೆ ತೂಗ ಹಾಕಿ ಹೋಗಿಬಿಟ್ಟಿದ್ದಿ. ಇಷ್ಟ ಕಲತಿ, ಇದೊಂದ ಕಲೀಲಿಲ್ಲ ನೋಡು."

ಪ್ರಾಜಕ್ತಾ ಬಾಯಿಗೆ ಹೆಗಲ ಮೇಲಿನ ಓಡಣಿ ಒತ್ತಿ ನಕ್ಕಳು. ನಗುತ್ತಲೇ, "ತಪ್ಪ ನಂದ ಆಯಿ, ಡಬ್ಬಿ ಸರಸಬ್ಯಾಡ್ರಿ ಅಂತ ನಾ ಹೇಳಬೇಕಾಗಿತ್ತು," ಎಂದಳು. ನಾನು ಮಾತ್ರ ನಗಲಿಲ್ಲ. ನನಗೆ ಈಗ ಹಬ್ಬ. ಇಡೀ ವರ್ಷದ ಸಿಟ್ಟಿಗೆ ಒಂದೇ ದಿನದಲ್ಲಿ ಮೇಯಲು ಹೊಲ ಸಿಕ್ಕಿತ್ತು.

"ಕೇಳಿದ್ರ್ಯಾ ಸಾವಕಾರ್ರ? ನಿಮ್ಮ ಖೋಲೀ ಡಬ್ಬಿ ದೀಪಕ್ಕ ಕಾಸಿ ಕೆಂಪ ಮಾಡೀರಿ. ಅತ್ತಿ ಮೂಲ್ಯಾಗಿಂದು ಹ್ಯಾಂಗ ನೀಲಿ ಆತು? ಅದನ್ನ ಯಾರೋ ಬೇಕಂತ ಮಾಡ್ಯಾರ. ಯಾರಂತ ಗೊತ್ತಾಗಲಿ, ಅವರ ಕೈ ಡ್ರಾಯರಿನಾಗ ಇಡತೀನಿ. ಬರ್ರಿ ಎಲ್ಲಾರೂ!"

ಎಲ್ಲರೂ ನನ್ನ ಹಿಂದೆ ಬಂದರು. ಮುಂದೆ ನಾನು, ಹಿಂದೆ ಪ್ರಾಜಕ್ತಾ, ಅವಳ ಹಿಂದೆ ಫೋಟೋ ಹಿಡಿದ ಆಯಿ, ಅವರ ಹಿಂದೆ ಸಾವಕಾರರು, ಕೊನೆಗೆ ಮಲಗಲು ಜಾಗ ಕಳೆದುಕೊಂಡ ನಾಯಿ. ಅತ್ತೆಯ ಮೂಲೆಯ ಕಂಬದ ಮೇಲೆ ಡಬ್ಬಿ ಇರಲಿಲ್ಲ. ಬರೀ ಮೊಳೆ.

"ನೋಡ್ರಿ! ಕದ್ದಾರ!" ಎಂದೆ.

ಅತ್ತೆ ಮಷೀನು ನಿಲ್ಲಿಸಿ ತಲೆಯೆತ್ತಿದಳು. "ಏನ ಕದ್ದಾರೋ?"

"ಡಬ್ಬಿ, ಅತ್ತಿ! ಬಿಳೇ ಡಬ್ಬಿ!"

"ಅದಾ? ಅದನ್ಯಾಕ ಕದೀತಾರ? ಇಲ್ಲೇ ಐತಲ್ಲ." ಅತ್ತೆ ಎದ್ದು, ಮೂಲೆಯಲ್ಲಿ ಮರಳಿನ ಮೇಲೆ ಕೂಡಿಸಿದ್ದ ನೀರಿನ ಹರವಿಯ ಹಿಂದೆ ಕೈ ಹಾಕಿ ಒಂದು ಒದ್ದೆ ಗಂಟು ತೆಗೆದಳು. ನಮ್ಮದೇ ಕಾರಖಾನೆಯ ಟಾವೆಲ್ಲು. ಒಂದು ಸುತ್ತು ಬಿಚ್ಚಿದಳು, ಇನ್ನೊಂದು ಸುತ್ತು ಬಿಚ್ಚಿದಳು. ಒಳಗೆ ಡಬ್ಬಿ ಎಣ್ಣೆನೀರು ಹಾಕಿ ಮಲಗಿಸಿದ ಕೂಸಿನ ಹಾಗೆ ತಣ್ಣಗೆ ಮಲಗಿತ್ತು.

"ಅಷ್ಟ ತುಟ್ಟಿ ಸಾಮಾನ," ಎಂದಳು ಪ್ರಾಜಕ್ತಾಳಿಗೆ. "ಮಂದೀ ಮನೀದು ಬ್ಯಾರೆ. ಈ ಉರಿಯಾಗ ತೂಗ ಹಾಕಿ ಹೋಗಿದ್ದಿ. ಸುಟ್ಟ ಕರಕಲಾದ್ರ ನಿಮ್ಮವ್ವಗ ನಾ ಏನ ಹೇಳ್ಲಿ? ದಿನಾ ಮೂರ ಸರ್ತಿ ಅರಿವಿ ತೊಯಿಸಿ ಸುತ್ತೀನಿ. ಒಂದ ದಿನಾನೂ ಒಣಗಾಕ ಬಿಟ್ಟಿಲ್ಲ."

ಗುರುಶಾಂತ ಡ್ರಾಯರಿನ ಬಾಗಿಲು ತೆಗೆದು ಹಿಡಿದು, ನನ್ನ ಕಡೆ ನೋಡಿ, "ಹ್ಞಾಂ, ಯಾರದೋ ಕೈ ಇಡತೀನಿ ಅಂದಿದ್ದೆಲ್ಲ?" ಎಂದ.

ಅತ್ತೆಗೆ ನಾನು ಏನು ಹೇಳಲಿ? ನಾನು ಇಷ್ಟು ದಿನ ಬಡಿದಾಡಿದ್ದು ಯಾರಿಗಾಗಿಯೋ ಅವಳೇ ತನ್ನ ಮೂಲೆಯನ್ನು ತಂಪು ಮಹಾಬಳೇಶ್ವರ ಮಾಡಿ ಪುಣೆಗೆ ಸುದ್ದಿ ಕಳಿಸಿದ್ದಳು. ನಾನಾದರೂ ದಿನಾ ಅಲ್ಲೇ ರೊಟ್ಟಿ ತಿಂದವನು. ಆಣೆ ಮಾಡಿ ಕಂಬಕ್ಕೆ ಬೆನ್ನು ಮಾಡದಿದ್ದರೆ ಮೊದಲ ದಿನವೇ ಕಾಣುತ್ತಿತ್ತು. "ಅತ್ತಿ, ನಿನ್ನ..." ಎಂದೆ. ಹರವಿಯಿಂದ ಒಂದು ತಂಬಿಗೆ ನೀರು ತೆಗೆದು ಕುಡಿದೆ. ತಣ್ಣಗಿತ್ತು, ಅದೂ ಸಿಟ್ಟು ತರಿಸಿತು.

ಸಾವಕಾರರಿಗೆ ಮಾತ್ರ ಧೈರ್ಯ ಬಂತು. "ಆತು, ಎಲ್ಲಾರದೂ ತಪ್ಪು ಆತು. ಈಗ ಗ್ವಾಡಿ ಕೊರದೀವಿ, ಫ್ಯಾನ ಅಲ್ಲೇ ಇರ್ಲಿ. ದೇವರನ್ನ ಬ್ಯಾರೆ ಕಡಿ ಇಡೂಣು. ಮುಂದಿನ ವರ್ಷ ನೋಡಿದ್ರಾತು."

"ದೇವರನ್ನ ಬ್ಯಾರೆ ಕಡಿ ಇಡತಿ?" ಎಂದರು ಆಯಿ. ಬಹಳ ಮೆಲ್ಲಗೆ ಕೇಳಿದರು. ಸಾವಕಾರರು ಒಂದು ಹೆಜ್ಜೆ ಹಿಂದೆ ಸರಿದರು.

ಆಯಿ ಫೋಟೋವನ್ನು ಪ್ರಾಜಕ್ತಾಳ ಕೈಗೆ ಕೊಟ್ಟರು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಪತ್ರಾದ ಗೋಡೆಗೆ ಅಂಗೈ ಹಚ್ಚಿ ನೋಡಿ ಚಟ್ಟನೆ ತೆಗೆದರು. "ತುಳಜಾಬಾಯಿ, ದಿನಾ ಇಲ್ಲೇ ಕುಂದ್ರತೀಯಾ?"

"ಮತ್ತೆಲ್ಲಿ ಕುಂದ್ರಲ್ರಿ ಆಯಿ? ಮಷೀನ ಇಲ್ಲೇ ಐತಿ."

"ಮಲಕಾಜಿ, ಬಾ ಇಲ್ಲಿ. ಕುಂದ್ರು."

"ಎಲ್ಲಿ?"

"ಅಕೀ ಕುರ್ಚೀ ಮ್ಯಾಲ. ನಾ ಚಹಾ ಕುಡಿಯೂ ತನಕಾ ಕುಂದ್ರು. ಆಮ್ಯಾಲ ನೀ ಹೇಳಿದಂಗ ಮಾಡೂಣು. ಅಮೋಗ್ಯಾ, ಡ್ರಾಯರ್ ಚಾಲೂ ಮಾಡು."

ಜೀವನದಲ್ಲಿ ಯಾವ ಗುಂಡಿಯನ್ನೂ ನಾನು ಅಷ್ಟು ಪ್ರೀತಿಯಿಂದ ಒತ್ತಿಲ್ಲ.

ಸಾವಕಾರರು ಕೂತರು. ಅತ್ತೆ, "ಬರೇ ಕೈಲೆ ಕುಂದ್ರಬಾರದ್ರಿ," ಎಂದು ಒಂದು ಟಾವೆಲ್ ಅವರ ತೊಡೆಯ ಮೇಲೆ ಇಟ್ಟಳು. ಗುರುಶಾಂತ ಚಹಾ ತಂದ. ಆಯಿ ಅದನ್ನು ಬಶಿಗೆ ಸುರಿದು ಊದಿದರು. ಒಂದು ಗುಟುಕು ಕುಡಿದು, ಬಶಿ ಕೆಳಗಿಟ್ಟು, ಪ್ರಾಜಕ್ತಾಳ ಮದುವೆಯ ವಿಷಯ ತೆಗೆದರು. ಹುಡುಗ ದುಧನಿಯವನು, ಅಡತಿ ಅಂಗಡಿ ಇದೆ ಎಂದರು. ಪ್ರಾಜಕ್ತಾ ಅದಕ್ಕೆ ಕಿವಿಗೊಡದೆ, ಡಬ್ಬಿ ಒರೆಸಿ ಕಂಬಕ್ಕೆ ಹಾಕಿ, ಫೋನಿನಲ್ಲಿ ನೋಡಿ ಓದತೊಡಗಿದಳು.

"ಮೂವತ್ತೊಂಬತ್ತು ಡಿಗ್ರಿ."

ಸಾವಕಾರರು ಅಂಗಿಯ ಮೇಲಿನ ಗುಂಡಿ ಬಿಚ್ಚಿದರು.

"ನಲವತ್ತೆರಡು."

ಆಯಿ ಮತ್ತೊಂದಿಷ್ಟು ಚಹಾ ಬಶಿಗೆ ಸುರಿದು, ಬಾಳ ಬಿಸಿ ಇದೆ ಎಂದು ಹಾಗೇ ಇಟ್ಟರು. ಡ್ರಾಯರ್ ತನ್ನ ಉಸಿರನ್ನು ನೇರ ಸಾವಕಾರರ ಮುಖಕ್ಕೆ ಬಿಡುತ್ತಿತ್ತು. ಅವರ ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಮೂಗಿನ ತುದಿಗೆ ಬಂದು ನಿಂತಿತು. ತೊಡೆಯ ಮೇಲಿದ್ದ ಟಾವೆಲ್ಲಿನಿಂದ ಒರೆಸಿಕೊಂಡರು. "ಅದು ಮಾರೂ ಮಾಲ ಐತ್ರೀ," ಎಂದಳು ಅತ್ತೆ.

"ನಲವತ್ತೈದು, ಮಾಮಾ."

"ಅವ್ವಾ, ಚಹಾ ಆರತದ ಕುಡಿ."

"ಆರ್ಲಿ. ನನಗೇನ ಅವಸರ? ಹ್ಞಾಂ, ಆ ಹುಡುಗನ ಕಾಕಾ ಅದಾನಲ್ಲ..."

ಕಾಕಾನ ಕತೆ ಮುಗಿಯುವ ಮೊದಲೇ ಸಾವಕಾರರು ಎದ್ದು ನಿಂತರು. ಕಂಬ ಹಿಡಿದುಕೊಂಡು ನಿಂತರು ಎನ್ನಬೇಕು. "ಗುರುಶಾಂತಾ," ಎಂದರು ಸಣ್ಣ ದನಿಯಲ್ಲಿ, "ಕಟರ್ ತಾರೋ ಯಪ್ಪಾ."

ಆಯಿ ಬಶಿ ಎತ್ತಿ ಉಳಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದರು.

ಆಗಲೇ ಪ್ರಾಜಕ್ತಾ ಅಡ್ಡ ಬಂದಳು. ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಡ್ರಾಯರ್ ಬರೆದಳು, ಮೂಲೆ ಬರೆದಳು, ಎರಡರ ನಡುವೆ ಒಂದು ದುಂಡು ಸುತ್ತಿದಳು. "ಒಂದ ದಿನ ತಡೀರಿ. ಮತ್ತ ಲೆಕ್ಕ ಹಾಕತೀನಿ. ಫ್ಯಾನ ಸೀದಾ ಮೂಲ್ಯಾಗ ಹಚ್ಚಿದ್ರ ಡ್ರಾಯರಿನ ಕಾವೆಲ್ಲಾ ಹೀಂಗ ಎಳಕೊಂಡ ಹೋಗತದ. ನಡುವ ಇವರ ಅದಾರ ನೋಡ್ರಿ." ದುಂಡಿನ ಮೇಲೆ ಬೆರಳಿಟ್ಟಳು. ಆ ದುಂಡು ನಾನು. "ಒಂದೀಟ ಮ್ಯಾಲ ಹಚ್ಚಿದ್ರ ಇಬ್ಬರಿಗೂ..."

"ಲೆಕ್ಕ ಸಾಕು!" ಎಂದೆ. "ಲೆಕ್ಕ ಹಾಕಿ ಹಾಕಿ ದೇವರಿಗೆ ಫ್ಯಾನ ಹಚ್ಚಿದ್ರಿ. ಇಲ್ಲೇ ಹಚ್ಚಲಿ, ಈಗ ಹಚ್ಚಲಿ! ನನ್ನ ಮ್ಯಾಲ ಹಾದ ಹೋಗ್ತದ? ಹೋಗಲಿ!"

"ಅಮೋಗಸಿದ್ಧಣ್ಣಾ, ಕೇಳ್ರಿ..."

"ನಾ ಕೇಳಂಗಿಲ್ಲ!"

ಕೇಳಲಿಲ್ಲ. ಸಂಜೆ ಮಗ್ಗ ನಿಲ್ಲುವ ಹೊತ್ತಿಗೆ ಫ್ಯಾನು ಅತ್ತೆಯ ಬೆನ್ನ ಹಿಂದಿನ ಗೋಡೆಯಲ್ಲಿ ಗರಗರ ತಿರುಗುತ್ತಿತ್ತು. ಹಳೆಯ ತೂತಿಗೆ ಗುರುಶಾಂತ ಪತ್ರಾದ ತುಂಡು ಬಡಿದು ಮುಚ್ಚಿದ. ಆಯಿ ಹೊಸದಾಗಿ ದೀಪ ಹಚ್ಚಿದರು, ನಿಂತಿತು.

ಮರುದಿನ ಪ್ರಾಜಕ್ತಾ ಹೊಸ ಚಿತ್ರ ತಂದು ತೋರಿಸಿದಳು. ಈ ಸಲ ಡಬ್ಬಿಗಳನ್ನು ಯಾರೂ ಮುಟ್ಟದ ಹಾಗೆ ತಂತಿಯಿಂದ ಕಟ್ಟಿದ್ದಳು. ಅವಳ ಲೆಕ್ಕಕ್ಕೂ ಡಬ್ಬಿಗಳಿಗೂ ತಾಳೆಯಾಗಿತ್ತಂತೆ, ಮುಖ ಅರಳಿತ್ತು. ಮೂಲೆಯಲ್ಲಿ ನೀಲಿ ಇರಲಿಲ್ಲ, ಕೆಂಪೂ ಇರಲಿಲ್ಲ. ಅತ್ತೆಯ ಕಂಬ ತುಂಬ ಹಸಿರು ಬಂದಿತ್ತು.

ಅತ್ತೆ ಅದನ್ನು ನೋಡಿ ಪ್ರಾಜಕ್ತಾಳ ಗಲ್ಲ ಸವರಿ ನೆಟಿಗೆ ಮುರಿದಳು. "ನೆನಪಿಟ್ಟ ಹಸರ ಸೀರೀನ ಉಡಸೀದಿ ನೋಡು ನನ್ನವ್ವಾ."

ಡ್ರಾಯರಿನ ಬಾಜೂಕಿದ್ದ ಕಂಬ ಮಾತ್ರ ಬುಡದಿಂದ ತಲೆಯಿಲ್ಲದ ತುದಿಯವರೆಗೆ ಕಡುಗೆಂಪಾಗಿತ್ತು. ಇಡೀ ಕಾರಖಾನೆಯಲ್ಲಿ ಅಂಥ ಕೆಂಪು ಇನ್ನೊಂದಿರಲಿಲ್ಲ. ಪ್ರಾಜಕ್ತಾ ನನ್ನ ಕಡೆ ನೋಡಿದಳು ಅಷ್ಟೇ. ಗುರುಶಾಂತ ಅಂದ: "ಈಗ ನೋಡು, ಬರೋಬ್ಬರಿ ನಿನ್ನಂಗ ಕಾಣತದ. ಫೋಟೋ ತಗಿಸಿ ಮನ್ಯಾಗ ಹಾಕು."

ಮಧ್ಯಾಹ್ನದ ಹೊತ್ತಿಗೆ ಚಿತ್ರ ಸುಳ್ಳಲ್ಲ ಎಂದು ತಿಳಿಯಿತು. ಡ್ರಾಯರಿನ ಕಾವು ಮೊದಲು ನಾಲ್ಕೂ ದಿಕ್ಕಿಗೆ ಹಂಚಿಹೋಗುತ್ತಿತ್ತು. ಈಗ ಒಂದೇ ಸಾಲಾಗಿ ನನ್ನ ಕುತ್ತಿಗೆ ಸವರಿಕೊಂಡು ಫ್ಯಾನಿನ ಕಡೆ ಹೋಗುತ್ತಿತ್ತು. ಬೈಯೋಣವೆಂದು ಸುತ್ತ ನೋಡಿದೆ. ಪ್ರಾಜಕ್ತಾ ಮೊದಲೇ ಹೇಳಿದ್ದಳು. ಸಾವಕಾರರು ನಾನು ಕೇಳಿದ ಜಾಗಕ್ಕೇ ಹಚ್ಚಿಸಿದ್ದರು. ಆಯಿಯನ್ನು ಬೈಯಲು ಬರುವುದಿಲ್ಲ. ನಾಯಿ ಅತ್ತೆಯ ಕಾಲ ಬುಡದಲ್ಲಿ ಹೊಸ ಜಾಗ ಹಿಡಿದು ಮಲಗಿತ್ತು. ಅದೂ ಮಾತಿಗೆ ಸಿಗಲಿಲ್ಲ. ಹುಟ್ಟಿದಾಗಿನಿಂದ ಮೊದಲ ಬಾರಿಗೆ ನನ್ನ ಬಳಿ ಒಂದು ಪೂರ್ತಿ ಸಿಟ್ಟು ಇತ್ತು, ಕೊಡಲು ಯಾರೂ ಇರಲಿಲ್ಲ.

ಮಷೀನಿನ ಸದ್ದು ನಿಂತಿತು. ಅತ್ತೆ ಹರವಿಯ ಹತ್ತಿರ ಏನೋ ಮಾಡಿ ಎದ್ದು ಬಂದಳು. ಒದ್ದೆ ಟಾವೆಲ್ಲನ್ನು ನನ್ನ ತಲೆಯ ಮೇಲೆ ಹಾಕಿ, ಕಿವಿ ಮುಚ್ಚುವ ಹಾಗೆ ಒಂದು ಸುತ್ತು ಸುತ್ತಿದಳು, ಇನ್ನೊಂದು ಸುತ್ತು ಸುತ್ತಿದಳು, ತುದಿಯನ್ನು ಬಿಗಿಯಾಗಿ ಸಿಗಿಸಿದಳು. ನೀರು ನನ್ನ ಬೆನ್ನಿನ ಗುಂಟ ಇಳಿಯಿತು.

"ಏನ್ ಮಾಡಾಕತ್ತಿ, ಅತ್ತಿ? ಮಂದಿ ನಗತಾರ."

"ನಗಲಿ," ಎಂದಳು. "ತುಟ್ಟಿ ಸಾಮಾನ ಉರಿಯಾಗ ಇಡಬಾರದು."